ಬೆನ್ನಿಗಿರುವ ನಾಳೆ

ಎಲ್ ಆಲ್ಟೋದ ಮರೆವಿನ ಕ್ಲಿನಿಕ್ಕು. ಹೀಟರ್ ಕೆಟ್ಟು ಮೂರು ದಿನ.
ಕೆಳಗಿನ ಸೆಕೆಯ ಊರು ಸಾಂತಾ ಕ್ರೂಸ್‌ನವಳು ನಾನು;
ಇಲ್ಲಿ ನಾಲ್ಕು ಮೆಟ್ಟಿಲಿಗೇ ಏದುಸಿರು,
ಹಣೆಯೊಳಗೆ ಯಾರೋ ಸಣ್ಣಗೆ ಕುಟ್ಟುತ್ತಾರೆ.

ಹನ್ನೊಂದನೆಯವಳು ಹಿಲಾರಿಯಾ ಕಲಿಸಾಯ,
ವಯಸ್ಸು ಎಪ್ಪತ್ತೆಂಟು, ಇಲ್ಲವೆ ಎಂಬತ್ತು.
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು
ಹರಕು ಸ್ಪ್ಯಾನಿಶಿನಲ್ಲಿ ಒಂದೊಂದೇ ಮಾತು ಹೆಕ್ಕಿ ಕೊಟ್ಟಳು.

ಗಂಡ ತೀರಿಕೊಂಡದ್ದು ಯಾವಾಗ?
ಕೈ ಮುಂದೆ ಚಾಚಿದಳು, ಮೇಜಿನಾಚೆ, ನನ್ನ ಭುಜದಾಚೆ,
ಅಲ್ಲೇ ಗೋಡೆಗೊರಗಿ ನಿಂತಿದ್ದಾನೆ ಎನ್ನುವ ಹಾಗೆ.
ಮೊಮ್ಮಗಳ ಮದುವೆ?
ಹೆಬ್ಬೆರಳು ಹೆಗಲ ಮೇಲಿಂದ ಹಿಂದಕ್ಕೆ.

ನಾನು ತೀರ್ಮಾನಿಸಲಿಲ್ಲ, ಆಣೆಗೂ.
ತೀರ್ಮಾನ ಆಗಲೇ ಆಗಿತ್ತು, ಪೆನ್ನು ಹಿಡಿದ ಮೂರು ಬೆರಳಲ್ಲಿ.
‘ಕಾಲದ ಗೊಂದಲ’ ಎಂಬ ಚೌಕದಲ್ಲಿ ಗುರುತು ಬಿದ್ದ ಮೇಲೆ
ಕಾರಣಗಳು ಒಂದೊಂದಾಗಿ ಬಂದು ನಿಂತವು,
ತಡವಾಗಿ ಬಂದ ಗುಮಾಸ್ತರ ಹಾಗೆ, ಮುಖ ಗಂಭೀರ ಮಾಡಿಕೊಂಡು.
‘ಮುಂದಿನ ವಾರ ಬನ್ನಿ’ ಎಂದೆ, ಗಾಳಿಯನ್ನು ಮುಂದೆ ತಳ್ಳುತ್ತ.

ಬಾಗಿಲು ಮುಚ್ಚುವಾಗ ನರ್ಸ್ ನೆಲಿದಾ ಅಂದಳು:
ನಮ್ಮ ಐಮಾರಾದಲ್ಲಿ ಕಣ್ಣಿಗೂ ಹಿಂದಿನದಕ್ಕೂ ಒಂದೇ ಮಾತು, ನಾಯ್ರ.
ಕಂಡದ್ದು ತಾನೆ ಕಣ್ಣ ಮುಂದಿರುವುದು?
ನಾಳೆಯ ಮುಖ ನೋಡಿದವರು ಯಾರು, ಡಾಕ್ಟರೆ?
ಅದು ಬೆನ್ನಿಗಿರುತ್ತದೆ.

ನಕ್ಕೆ. ಹಲ್ಲು ನಕ್ಕವು; ಕುತ್ತಿಗೆ ಬಿಗಿದೇ ಇತ್ತು.

ಸಂಜೆ ತಂತಿಗಾಡಿಯಲ್ಲಿ ಲಾ ಪಾಜ್‌ಗೆ ಇಳಿಯುವಾಗ
ಸಿಕ್ಕಿದ್ದು ಹಿಮ್ಮುಖದ ಸೀಟು.
ಬಿಟ್ಟು ಬಂದದ್ದೆಲ್ಲ ಕಣ್ಣೆದುರೇ ಉಳಿಯಿತು: ಕ್ಲಿನಿಕ್ಕಿನ ತಗಡು,
ಸಂತೆಯ ನೀಲಿ ಟಾರ್ಪಾಲು, ಆಲೂಗಡ್ಡೆ ಮೂಟೆಗೊರಗಿದ ಹುಡುಗ,
ದೂರವಾದಷ್ಟೂ ಒಂದಕ್ಕೊಂದು ಹತ್ತಿರ ಸರಿಯುತ್ತ.
ಇಳಿಯಬೇಕಾದ ನಿಲ್ದಾಣ ಮಾತ್ರ
ಬೆನ್ನುಮೂಳೆಯಲ್ಲಿ ತಣ್ಣನೆಯ ಅನುಮಾನವಾಗಿ ಬರುತ್ತಿತ್ತು.
ಎದುರು ಕೂತ ಹೆಂಗಸು ಅದನ್ನು ನೋಡುತ್ತಿದ್ದಳು,
ನನ್ನ ನಾಳೆಯನ್ನು, ಆಕಳಿಸುತ್ತ.

ಆಗ ಹೊಳೆಯಿತು. ನಾವೂ ಎದುರುಬದುರು ಕೂತಿದ್ದೆವು.
ನನ್ನ ಬೆನ್ನ ಹಿಂದಿನದು ಅವರ ಕಣ್ಣ ಮುಂದೆ:
ಒಂದೇ ಗೋಡೆ. ನಾನು ತಳ್ಳಿದ ‘ಮುಂದಿನ ವಾರ’
ಹೋಗಿ ಬಿದ್ದದ್ದು ಅವರು ಹೆಬ್ಬೆರಳಲ್ಲಿ ತೋರಿಸಿದ ಕಡೆಗೇ.

ಮರುದಿನ ಕಡತ ತರಿಸಿ ಗುರುತು ಹೊಡೆದುಹಾಕಿದೆ.
ಹೀಟರ್ ರಿಪೇರಿಯಾಗಿತ್ತು. ಕೈ ಬೆಚ್ಚಗಿತ್ತು.
ಈ ಔದಾರ್ಯವೂ ಅದರದ್ದೇ ಇರಬಹುದೆ?
ಹಾಗಾದರೆ ಆ ಮೂರು ದಿನದ ಚಳಿಯಲ್ಲಿ ಬಂದು ಹೋದವರು?

ಕಡತಗಳು ಮುಂದೆಯೇ ಇವೆ, ಮೊಣಕಾಲೆತ್ತರ.