ಚೀಲದ ತೂಕ

ಬ್ಯಾಡಗಿ ಮಾರುಕಟ್ಟೆಯಲ್ಲಿ ರೌಟರಿಗೂ ಸೀನು ಬರುವುದೇನೋ.
ಅದರ ಸೀಳುಗಳಲ್ಲೆಲ್ಲ ಕೆಂಪು ಧೂಳು;
ಊದಿದರೆ ಘಾಟು ನನ್ನ ಕಣ್ಣಿಗೇ ಬಂತು.
ಹನ್ನೆರಡು ವರ್ಷದ ಪೆಟ್ಟಿಗೆ,
ನಾಲ್ಕನೆಯ ಆವೃತ್ತಿ ಬಿಟ್ಟರೆ ಬೇರೆ ಮಾತು ತಿಳಿಯದು.
ಟೆಂಡರಿನ ಹೊಸ ಸರ್ವರಿಗೋ ಆರನೆಯದೇ ಆಗಬೇಕು.
ಹೊಸ ರೌಟರಿಗೆ ಕಾಗದ ಹೋಗಿದೆ,
ಹಾವೇರಿಯಲ್ಲಿ ಯಾರದೋ ಮೇಜಿನ ಮೇಲೆ
ಪೇಪರ್‌ವೇಟಿನ ಕೆಳಗೆ ಮಲಗಿದೆ.
ಅಲ್ಲಿಯತನಕ ನಾನು ಸುರಂಗ ತೋಡಬೇಕು,
ಎರಡೂ ಮಾತು ಬಲ್ಲ ಅಂಗೈಯಗಲದ ಲಿನಕ್ಸ್ ಡಬ್ಬಿಯಿಂದ.

ತೋಡುವುದೆಂದರೆ ಗುದ್ದಲಿಯಲ್ಲ, ನಾಲ್ಕು ಸಾಲು:
ಈ ತುದಿಯ ವಿಳಾಸ, ಆ ತುದಿಯ ವಿಳಾಸ,
ಒಳಗೆ ಹೋಗುವವರ ಹೆಸರು, ಹೊರಗಿನ ದಾರಿ.
ಹಳೆಯ ವಿಳಾಸ ಗಿಡ್ಡ, ನಾಲ್ಕೇ ತುಂಡು, ನನಗೆ ಬಾಯಿಪಾಠ.
ಹೊಸದು ಉದ್ದ. ನಡುವೆ ಎರಡು ಜೋಡಿ ಚುಕ್ಕೆ,
ಅಲ್ಲಿ ಎಷ್ಟು ಸೊನ್ನೆ ಒತ್ತಿ ಕೂತಿವೆಯೋ
ಬೆರಳು ಮಡಚಿ ಎಣಿಸಬೇಕು.
ಫೈರ್‌ವಾಲಿನವನಿಗೆ ಫೋನು ಹಚ್ಚಿ
ನಲವತ್ತೊಂದನ್ನು ಬಿಡು ಅಂದೆ.
"ಪೋರ್ಟ್ ನಲವತ್ತೊಂದೇನ್ರೀ ಮೇಡಮ್?"
"ಪೋರ್ಟ್ ಅಲ್ಲಪಾ, ಪ್ರೋಟೊಕಾಲ್."
ಮೂರನೇ ಸಲಕ್ಕೆ ಬಾಗಿಲು ತೆರೆಯಿತು.

ಪಿಂಗ್ ಹೋಯಿತು. ತಿರುಗಿ ಬಂತು.
ಚಹಾ ತರಿಸಿದೆ.
ಚಹಾ ಬರುವಷ್ಟರಲ್ಲಿ ದಲಾಲರು ಬಾಗಿಲಲ್ಲಿ:
ಲಾಟಿನ ಪುಟ ಅರ್ಧಕ್ಕೇ ನಿಂತೈತಿ,
ಹೆಸರು ಕಾಣತೈತಿ, ದರ ಕಾಣವಲ್ದು.
ಸಣ್ಣದೆಲ್ಲ ದಾಟುತ್ತದೆ, ದೊಡ್ಡದು ಒಂದೂ ದಾಟದು,
ಎಲ್ಲಿ ಬಿತ್ತೆಂದು ಹೇಳುವವರೂ ಇಲ್ಲ.
ಹಿಡಿಸದ ಪೊಟ್ಟಣವನ್ನು ತಡೆದವನು
"ದೊಡ್ಡದಾಯ್ತು" ಎಂದು ಹಿಂದಕ್ಕೆ ಕೂಗಬೇಕು, ಅದು ರೂಢಿ.
ಆ ಕೂಗನ್ನೇ ಯಾರೋ ಜಾಣರು
ಸುರಕ್ಷತೆಯೆಂದು ಮುಚ್ಚಿಬಿಟ್ಟಿದ್ದರು.

ಹೊರಗೆ ಕಟ್ಟೆಯ ಮೇಲೆ ದಾವಲಸಾಬ ತೂಗುತ್ತಿದ್ದ.
ಡಬ್ಬಿ ಕಾಯಿ, ಕಡ್ಡಿ ಕಾಯಿ, ಚೀಲದ ಹಿಂದೆ ಚೀಲ.
ಕಾಟಾದಲ್ಲಿ ನಲವತ್ತೊಂದು ಬಂದರೆ
ಪಟ್ಟಿಯಲ್ಲಿ ನಲವತ್ತು ಬರೆಯುತ್ತಾನೆ.
"ಒಂದು ಯಾಕ ನುಂಗತೀಯೋ?" ಅಂದಳು ಹೊನ್ನವ್ವ,
ಮೂಗಿಗೆ ಸೆರಗು ಬಿಗಿದುಕೊಂಡು, ತೊಟ್ಟು ಬಿಡಿಸುತ್ತ.
ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆ, ಬರೀ ಕಾಡಿಸಲಿಕ್ಕೆ.
"ಚೀಲಕ್ಕ ತೂಕಿಲ್ಲೇನ?
ಅದನ್ನೇನ ಗಾಳೀಲೆ ನೇಯ್ದಾರ?"

ಕೈಯಲ್ಲಿ ಚಹಾ ಆರಿತು.
ನಾನು ಕಾಯಿಗಷ್ಟೇ ಲೆಕ್ಕ ಹಿಡಿದಿದ್ದೆ.
ಆರನೆಯದನ್ನು ನಾಲ್ಕನೆಯದರಲ್ಲಿ ಸುತ್ತುವಾಗ
ಸುತ್ತಿದ್ದಕ್ಕೂ ಇಪ್ಪತ್ತು ಬೈಟು ಬೇಕಲ್ಲ.
ಸಾವಿರದ ಐನೂರು ಅಳಿಸಿ
ಸಾವಿರದ ನಾನೂರ ಎಂಬತ್ತು ಬರೆದೆ.
ಪುಟ ತಳದತನಕ ಇಳಿಯಿತು, ದರದ ಸಮೇತ.
ದಲಾಲರು ಸುಮ್ಮನಾದರು. ಏನು ಮಾಡಿದಿ ಎಂದು
ಯಾರೂ ಕೇಳಲಿಲ್ಲ.

ಮೇಲಿನವರಿಗೆ ಫೋನಿನಲ್ಲಿ
"ದೋಷವನ್ನು ಸರಿಪಡಿಸಲಾಗಿದೆ, ಸರ್" ಅಂದೆ.
ಒಳಗೆ ಇದ್ದದ್ದು: ಹೂಂ, ಆತ್ ನೋಡ್ರಿ.
ಅದರಲ್ಲೂ ಎಲ್ಲೋ ಒಂದಿಷ್ಟು ಕಳೆಯಿತು.

ಕಡೆಗೆ ಕಡತ ತೆರೆದು
ನನ್ನ ಸಾಲುಗಳ ಮೇಲೆ ಟಿಪ್ಪಣಿ ಹಾಕಿದೆ:
ತಾತ್ಕಾಲಿಕ. ಹೊಸ ಪೆಟ್ಟಿಗೆ ಬಂದೊಡನೆ ತೆಗೆಯುವುದು.
ಅದರ ಕೆಳಗೇ ಇನ್ನೊಂದು ಕಂಡಿತು,
ನನಗಿಂತ ಮುಂಚೆ ಇಲ್ಲಿ ಕೂತಿದ್ದವನದು,
ಏಳು ವರ್ಷದ ಹಿಂದಿನ ತಾರೀಖು.
ತಾತ್ಕಾಲಿಕ, ಎಂದಿದ್ದ ಅವನೂ.
ಆ ಸಾಲಿನ ಮೇಲೆಯೇ ಇವತ್ತಿಗೂ
ಅರ್ಧ ಮಾರುಕಟ್ಟೆ ನಡೆಯುತ್ತಿದೆ.
ನಾನು ಅದನ್ನು ಮುಟ್ಟಲಿಲ್ಲ.