ಜಾಗ ಸಾಲದು

ಬೆಳಿಗ್ಗೆಯಿಂದ ಮೂರು ಸಲ ಹೇಳಿತು ಫೋನು:
ಜಾಗ ಸಾಲದು.
ಕತ್ತರಿ ಕೆಳಗಿಟ್ಟು, ಕನ್ನಡಕ ಮೇಲೇರಿಸಿ ಕೂತೆ.
ಈ ಮಾತು ಮೊದಲೂ ಕೇಳಿದವನೇ ನಾನು.
ಬಂದ್ಯೋಡಿನಲ್ಲಿ ರಸ್ತೆ ಅಗಲವಾಗುವಾಗ
ಹಳದಿ ಟೊಪ್ಪಿಯ ಹುಡುಗನೊಬ್ಬ ಟೇಪು ಹಿಡಿದು ಬಂದು
ನನ್ನ ಅಂಗಡಿಯ ಅಳತೆ ತೆಗೆದಿದ್ದ.
ಮೂವತ್ತೊಂದು ವರ್ಷ ಊರಿಡೀ ಅಳೆದವನು
ಅವತ್ತು ಕೈ ಎತ್ತಿ ನಿಂತೆ, ಗಿರಾಕಿಯ ಹಾಗೆ.

ಮಷೀನು ಮಹಡಿಗೆ ಬಂತು. ಅಳತೆ ಪುಸ್ತಕ ಬರಲಿಲ್ಲ,
ಜೇಸಿಬಿಯ ಬಾಯಿಗೆ ಹೋಯಿತೋ, ಆಟಿಯ ಮಳೆಗೋ.
ಅಂದಿನಿಂದ ಎಲ್ಲರಿಗೂ ಒಂದೇ ಮಾತು:
ಅಳತೆ ಮೆಸೇಜು ಮಾಡಿ ಮಾರಾಯ್ತಿ.
ಮಾಡಿದರು.
ಕನ್ನಡವನ್ನು ಇಂಗ್ಲಿಷಿನಲ್ಲಿ, ಮಲಯಾಳವನ್ನು ಕನ್ನಡದಲ್ಲಿ,
ತುಳುವನ್ನು ಕೈಗೆ ಸಿಕ್ಕಿದ ಲಿಪಿಯಲ್ಲಿ:
ಎದೆ ಮೂವತ್ತಾರು, ತೋಳು ಒಂಬತ್ತೂವರೆ,
ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡಿ, ಹೋದ ಸಲದ್ದು ಹಿಡಿಯುತ್ತದೆ.

ಈಗ ಅಳಿಸಬೇಕು.
ಸುಲಭದ್ದರಿಂದ ಸುರು.
ಯಾರಿಗೂ ಹೇಳಬೇಡಿ ಎಂದು ಬಂದ ಆರಂಕಿಗಳು, ನಾನೂರಕ್ಕೂ ಮಿಕ್ಕಿ.
ಯಾರಿಗೂ ಹೇಳಲಿಲ್ಲ ನಾನು, ದೇವರಾಣೆ. ಹೋಗಿ.
ಕರೆಂಟಿನ ಬಿಲ್ಲು, ಮಲಯಾಳದಲ್ಲಿ;
ಸಂಖ್ಯೆ ಮಾತ್ರ ಓದಿ ಕಟ್ಟಿದ್ದು. ಹೋಗಲಿ.
ಲೈನಿಂಗ್ ಬಟ್ಟೆಗೆ ಮಂಗಳೂರಿಗೆ ಹೋದ ಪ್ರತಿ ಶನಿವಾರ
ತಲಪಾಡಿ ದಾಟುವಾಗ ಒಂದು ಸ್ವಾಗತ,
ಸಂಜೆ ಮರಳುವಾಗ ಇನ್ನೊಂದು.
ಆಚೆಯವರೂ ಕರೆಯುತ್ತಾರೆ, ಈಚೆಯವರೂ ಕರೆಯುತ್ತಾರೆ,
ಬಸ್ಸಿನಲ್ಲಿ ಮಾತ್ರ ಕೂರಲು ಸೀಟಿಲ್ಲ.

ಆಮೇಲೆ ಕೈ ನಿಧಾನವಾಯಿತು.
ಅಡ್ಕದ ಅವ್ವಮ್ಮ, ಮಗಳ ಯೂನಿಫಾರ್ಮಿಗೆ, ಜೂನಿನಿಂದ ಜೂನಿಗೆ:
ಉದ್ದ ಇಪ್ಪತ್ತೆರಡು. ಇಪ್ಪತ್ತನಾಲ್ಕು.
ಇಪ್ಪತ್ತೆಂಟೂವರೆ, ಮಡಿಕೆ ಜಾಸ್ತಿ ಇಡಿ ಅಣ್ಣ, ಬೆಳೆಯುತ್ತಾಳೆ.
ಮತ್ತೆ: ಈ ವರ್ಷ ಬೇಡ, ರೆಡಿಮೇಡು ತೆಗೆದೆವು.
ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತು,
ಮುನಿಸೋ ಏನೋ. ಒತ್ತಿದೆ.

ಕುಸುಮಾವತಿ ಟೀಚರದ್ದು ಒಂದೇ ಸಾಲು:
ಬಟನು ಬೇಡ, ಹುಕ್ಕು ಇಡಿ, ಶುಕ್ರವಾರ ಬರುತ್ತೇನೆ.
ಬರಲಿಲ್ಲ. ಮೇಲಿನ ಹಲಗೆಯಲ್ಲಿ ಹಸಿರು ರವಿಕೆ ಇನ್ನೂ ಉಂಟು.
ಇದನ್ನು ಅಳಿಸಿದರೆ ಅದು ಯಾರದ್ದಾಗುತ್ತದೆ?
ಇರಲಿ.

ಕಯ್ಯಾರಿನ ಜೂಲಿಯಾನ ಬಾಯಮ್ಮನದ್ದು ಹೋದದ್ದು ಭರದಲ್ಲಿ,
ನೋಡಿ ಅಳಿಸಿದ್ದಲ್ಲ.
ಬಟ್ಟೆಯ ಕೆಳಗೆ ಇನ್ನೊಂದು ಬಟ್ಟೆ ಸಿಕ್ಕಿದ್ದು
ಕತ್ತರಿಗೆ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಫೋನು ಮತ್ತೆ: ಜಾಗ ಸಾಲದು.
ಕೆಳಗಿನ ಮೊಬೈಲಂಗಡಿಯ ಸವಾದ್ ನೋಡಿ ನಕ್ಕ:
ಐತಪ್ಪಣ್ಣ, ಮೆಸೇಜು ಎಷ್ಟು ತೆಗೆದರೂ ಅಷ್ಟೆ, ಅಕ್ಷರಕ್ಕೆ ಭಾರ ಇಲ್ಲ.
ಎಲ್ಲ ಸೇರಿದರೂ ಒಂದು ಗುಡ್ ಮಾರ್ನಿಂಗ್ ವಿಡಿಯೋಕ್ಕೆ ಸಮವಲ್ಲ.
ತೋರಿಸಿದ: ಅರಳುವ ಗುಲಾಬಿ ಇನ್ನೂರ ಹತ್ತು,
ಒಂದೇ ಕುತ್ತಿಗೆಯ ಡಿಸೈನು ಹದಿನಾಲ್ಕು ಸಲ,
ಷಡ್ಡಕನ ಮನೆಯೊಕ್ಕಲು, ಪೂರ್ತಿ ನಲ್ವತ್ತು ನಿಮಿಷ.
ಚಾ ಆರುವುದರೊಳಗೆ ಖಾಲಿ ಮಾಡಿಕೊಟ್ಟ. ಆರು ಜೀಬಿ.
ದುಡ್ಡು ಬೇಡ, ಈ ಪ್ಯಾಂಟಿಗೊಂದು ಜಿಪ್ಪು ಹಾಕಿಕೊಡಿ ಎಂದ.
ಬೆಳಿಗ್ಗೆ ನಾನು ಅಳಿಸಿದ್ದಕ್ಕೆಲ್ಲ
ಒಂದು ಗುಲಾಬಿಯ ಅರ್ಧ ಎಸಳು ತೆರವಾಗಿತ್ತು.

ಸಂಜೆ ಬಂದರು ಜೂಲಿಯಾನ ಬಾಯಮ್ಮ, ಮೆಟ್ಟಿಲು ಹತ್ತಿ,
ನಡುವೆ ಎರಡು ಕಡೆ ನಿಂತು.
ಮೊಮ್ಮಗಳ ರೋಸಿಗೆ ಒಂದು ರವಿಕೆ,
ಅಳತೆ ನಿಮ್ಮಲ್ಲುಂಟಲ್ಲ.
ಇಲ್ಲ ಎನ್ನಲಾಗದೆ ಟೇಪು ಎಳೆದೆ:
ಒಮ್ಮೆ ನೋಡುವ ಬಾಯಮ್ಮ, ಯಾವುದಕ್ಕೂ.
ಕೈಗೆ ನೆನಪಿದ್ದದ್ದು ನಲ್ವತ್ತು.
ಟೇಪಿನಲ್ಲಿದ್ದದ್ದು ಮೂವತ್ತನಾಲ್ಕು.
ಅವರು ಗೋಡೆ ನೋಡಿದರು, ನಾನು ಟೇಪು ನೋಡಿದೆ.
ಎಷ್ಟು ಬಂತು, ಕೇಳಿದರು.
ಹಿಂದಿನದ್ದೇ, ಎಂದೆ.
ಬರೆದುಕೊಳ್ಳಲಿಲ್ಲ.
ಆರು ಜೀಬಿ ಖಾಲಿ ಇತ್ತು.