ಸೊನ್ನೆಯ ಮೇಲೊಂದು ಗೀರು

ಆರ್ಹೂಸಿನ ಬಂದರು ಬೀದಿ. ಸೈಕಲ್ ರಿಪೇರಿ ಅಂಗಡಿಯ ಮೇಲೆ
ಮೆರೆಟೆ ಒಂದು ಏಳನ್ನು ಎತ್ತುತ್ತಾಳೆ, ಇಳಿಸುತ್ತಾಳೆ,
ಕೂದಲೆಳೆಯಷ್ಟು, ಬೆಳಗಿನಿಂದ.

ಕಾರ್ಡ್ ಅಂದರೆ ರೇಷನ್ನಿನದಲ್ಲ, ಮದುವೆಯದೂ ಅಲ್ಲ,
ಮೂರು ನಾಲ್ಕು ಸ್ವರ ಒಟ್ಟಿಗೆ ಬಾಯಿ ಬಿಡುವುದು.
ಬರೆಯಲು ಒಂದಕ್ಷರ, ಅದರ ಬೆನ್ನಿಗೊಂದು ಅಂಕಿ.
ನಮ್ಮ ಒತ್ತಕ್ಷರವೋ ಕಾಲಬುಡದಲ್ಲಿ ಮುದುರಿ ಕೂರುತ್ತದೆ;
ಇಲ್ಲಿಯ ಏಳು ಹೆಗಲೇರುವ ಮಗು,
ಏರಿದ ಮೇಲೆ ಸುಮ್ಮನಿದ್ದೀತೆ,
ಮೇಲಿನ ಸಾಲಿನ ಹಾಡಿನ ಮಾತಿಗೆ ತಲೆ ಬಡಿಸಿಕೊಳ್ಳುತ್ತದೆ.

ಹೋದ ತಿಂಗಳ ರಿಹರ್ಸಲಿನಲ್ಲಿ
ಅವಳ ಫಾಂಟಿನ ಫ್ಲ್ಯಾಟ್ ಹೊಟ್ಟೆ ಬಿಟ್ಟು ಆರಾಗಿ ಕಂಡು
ಗಿಟಾರಿನ ಹುಡುಗ ಹೊರಟದ್ದೊಂದು ಊರಿಗೆ,
ಪಿಯಾನೋದವಳು ತಲುಪಿದ್ದು ಇನ್ನೊಂದಕ್ಕೆ.
ಎಲ್ಲರೂ ನಕ್ಕರು. ಇವಳು ನಗಲಿಲ್ಲ.
ಆ ಹೊಟ್ಟೆ ಕರಗಿಸಲು ಹದಿನೇಳು ದಿನ.

ಮೇಜಿನ ಕೆಳಗೆ ಮೀನಿನ ಪೆಟ್ಟಿಗೆ. ಒಳಗೆ
ಪ್ರೆಬೆನ್ ಎಂಬ ನಕಲುಗಾರನ ನಲವತ್ತು ವರ್ಷದ ಹಾಳೆ.
ರಾತ್ರಿಯೆಲ್ಲ ಕೂತು ಡಾನ್ಸ್ ಹಾಲಿನ ಬ್ಯಾಂಡುಗಳಿಗೆ
ಕಾಫಿ, ಮಸಿ, ಅಗಲ ಮೂತಿಯ ಲೇಖನಿಯಲ್ಲಿ ಬರೆದದ್ದು.
ಅವನ ತ್ರಿಕೋನಕ್ಕೆ ಒಂದು ಮೂಲೆ ಸದಾ ತೆರೆದೇ ಇರುತ್ತದೆ,
ಯಾರೋ ಬರಲಿದ್ದಾರೆ ಎಂಬಂತೆ.
ಮತ್ತೆ ಆ ಸೊನ್ನೆ, ಅದರ ಮೇಲಿನ ಓರೆಗೀರು:
ಎರಡೂ ಕಡೆ ಅಗತ್ಯಕ್ಕಿಂತ ಉದ್ದ,
ಸಣ್ಣ ದೋಣಿಗೆ ಅಡ್ಡ ಬಿದ್ದ ದೊಡ್ಡ ಹುಟ್ಟು.

ಸಂಗೀತದಲ್ಲಿ ಅದು ಅರ್ಧ ಕುಗ್ಗಿದ ಕಾರ್ಡು.
ಅವರ ನುಡಿಯಲ್ಲಿ ಅದೇ ಒಂದಕ್ಷರ,
ಆ ಒಂದಕ್ಷರವೇ ಇಡಿಯ ಒಂದು ಮಾತು: ದ್ವೀಪ.
ಪ್ರೆಬೆನ್ ಸಾಮ್ಸೊ ದ್ವೀಪದವನು.
ಮುನ್ನೂರು ಗೀರುಗಳ ಓರೆ ಅಳೆದು, ಸರಾಸರಿ ತೆಗೆದು
ಮೆರೆಟೆ ತನ್ನಷ್ಟಕ್ಕೆ ಅರ್ಥ ಹಚ್ಚಿಕೊಂಡಿದ್ದಳು:
ಊರು ಬಿಟ್ಟವನ ಹಂಬಲ ಗೆರೆಯಲ್ಲಿ ಉದ್ದವಾಗಿದೆ.

ಗುರುವಾರದ ಹಡಗಿಗೆ ಅಚ್ಚು ಹಾಕಿದ ಹಾಳೆ ಹಿಡಿದು ಹೋದಳು.
ಎಂಬತ್ತೇಳರ ಮುದುಕ, ಬೆರಳು ನಿಲ್ಲುವುದಿಲ್ಲ,
ಹಾಳೆಯನ್ನು ಅವಳೇ ಹಿಡಿಯಬೇಕಾಯಿತು.
ನೋಡಿದ. ಮೂಗಿನಲ್ಲೇ ನಕ್ಕ.
'ಹಂಬಲವೂ ಇಲ್ಲ ಮಣ್ಣೂ ಇಲ್ಲ.
ತ್ರಿಕೋನ ಮುಚ್ಚಲು ಪುರುಸೊತ್ತೆಲ್ಲಿತ್ತು,
ಒಂಬತ್ತಕ್ಕೆ ಕುಣಿತ ಶುರು.
ಗೀರು ಉದ್ದ ಎಳೆದದ್ದು ಕಾಯ್‌ಗಾಗಿ.
ಬಾಸ್ ನುಡಿಸುತ್ತಿದ್ದ. ಎಡಗಣ್ಣು ಮಂಜು.
ನಲವತ್ತು ವ್ಯಾಟಿನ ಬಲ್ಬಿನಲ್ಲಿ ಸೊನ್ನೆ ಬರಿ ಸೊನ್ನೆಯಾಗಿ ಕಾಣುತ್ತಿತ್ತು ಅವನಿಗೆ.
ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಕೆಲಸ ಹೋಗುತ್ತಿತ್ತು.
ನನಗೂ ಹೇಳಿರಲಿಲ್ಲ.'

ಇಷ್ಟು ಹೇಳಿ ಮುದುಕ ಬಿಸ್ಕತ್ತು ಅದ್ದಿದ. ಅದು ಮುರಿದು ಕಪ್ಪಿಗೆ ಬಿತ್ತು.

ಬರುವಾಗ ಡೆಕ್ಕಿನ ಮೇಲೆ ಗಾಳಿ.
ಗೀರನ್ನು ಸಂಜೆಯೇ ಇನ್ನೂ ಒಂದು ಎಳೆ ಉದ್ದ ಮಾಡಿದಳು.
ಸರಾಸರಿಯನ್ನು ಅಳಿಸಿದಳು.
ಪ್ರತಿ ಗುರುತಿಗೂ ಒಳಗೊಂದು ಹೆಸರಿರಬೇಕು,
ಬಳಸುವವರ ಕಣ್ಣಿಗೆ ಬೀಳದ ಹೆಸರು.
ಇದಕ್ಕೆ 'ಕಾಯ್' ಎಂದು ಬರೆದಳು.

ಅವರ ಬಾಯಲ್ಲಿ ಅದು 'ಕೈ' ಎಂದೇ ಕೇಳಿಸುತ್ತದೆ.
ಕನ್ನಡದಲ್ಲಿ ಅದರ ಅರ್ಥವೇನೆಂದು
ಅವಳಿಗೆ ಹೇಳುವವರು ಯಾರೂ ಆ ಬೀದಿಯಲ್ಲಿರಲಿಲ್ಲ.
ಕೆಳಗೆ ಅಂಗಡಿಯವನು ಚಕ್ರವೊಂದನ್ನು ತಿರುಗಿಸಿ ಬಿಟ್ಟು
ಅದು ಓಲಾಡುತ್ತದೆಯೇ ಎಂದು ನೋಡುತ್ತಿದ್ದ.